ಎರಡು ಕೆಂಪು ಮುಖಗಳು

ಇಂಡಿಯ ಸಂತೆಯ ದಿನ ಸೋಲಾಪುರದಿಂದ ಒಬ್ಬ ಚೀನೀ ಹಲ್ಲಿನ ಡಾಕ್ಟರು ಬರುತ್ತಿದ್ದರು. ಬೆಳಗಿನ ರೈಲಿಗೆ ಇಂಡಿ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಟಾಂಗಾದಲ್ಲಿ ಊರು ಸೇರಿ, ಕಾಳಿನ ಪೇಟೆಯ ಹಿಂದಿನ ಒಂದು ಖೋಲಿಯ ಬೀಗ ತೆಗೆದು ಕೂತರೆ ಸಂಜೆಯ ರೈಲಿನ ತನಕ ಅಲ್ಲೇ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಿಂದಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದೆ. ದವಡೆ ಹಲ್ಲು ನಾಲ್ಕು ದಿನ ಜೀವ ಹಿಂಡಿದ ಮೇಲೆ ಬಸ್ಸು ಹತ್ತಿ ಇಂಡಿಗೆ ಹೋದೆ. ಆ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದಾಗ ಎದುರು ಗೋಡೆಯ ಮೇಲೆ ನಾಲ್ಕು ಮುಖಗಳು ಕಂಡವು. ಅಂಗೈಯಗಲದ ಕಾಗದಗಳ ಮೇಲೆ ಕೈಯಿಂದ ಬರೆದವು. ಒಂದು ಕೆಂಪು, ಒಂದು ಬಿಳಿ, ಒಂದು ಕಪ್ಪು, ಒಂದು ನೀಲಿ. ಹುಬ್ಬುಗಳು ಹಣೆಯ ತುದಿಯವರೆಗೆ ಏರಿದ್ದವು. ಕೆಂಪು ಮುಖವನ್ನಂತೂ ನಮ್ಮ ದೊಡ್ಡಾಟದ ರಾಕ್ಷಸನೆಂದೇ ತಿಳಿದೆ.

ಹಲ್ಲು ಕಿತ್ತು ಹತ್ತಿ ಇಟ್ಟ ಮೇಲೆ ಅರ್ಧ ಬಾಯಿಯಲ್ಲೇ ಕೇಳಿದೆ, "ಇದು ಯಾವೂರ ದೊಡ್ಡಾಟರಿ, ಡಾಕ್ಟರ್ರ?"

"ನಮ್ಮೂರಂದು ಬಾಯಾರ," ಎಂದರು ನಗುತ್ತ. "ನಮ್ಮ ದೇಶದಾಗ ಹಾಡಿನ ಆಟ ಇರ್ತಾವು. ಸಣ್ಣಾಂವ ಇದ್ದಾಗ ನಾನೂ ಮ್ಯಾಳದಾಗ ಇದ್ದೆ. ಧ್ವನಿ ಒಡೀತು, ಮ್ಯಾಳದವ್ರು ಮನಿಗೆ ಕಳಿಸಿದ್ರು. ಆಮ್ಯಾಲ ಮಾವನ ಕಡಿಂದ ಹಲ್ಲಿನ ಕೆಲಸ ಕಲ್ತೆ."

ಅರವತ್ತರ ಹತ್ತಿರದ ಮನುಷ್ಯ. ಮೂವತ್ತು ವರ್ಷ ಸೋಲಾಪುರದಲ್ಲಿದ್ದು ನಮ್ಮ ಮಾತನ್ನು ನಮ್ಮಷ್ಟೇ ಒರಟಾಗಿ ಆಡುತ್ತಿದ್ದರು. ಆ ಕೆಂಪು ಮುಖ ರಾಕ್ಷಸನದಲ್ಲ, ಮಾತಿಗೆ ತಪ್ಪದ ಒಬ್ಬ ಸೇನಾಪತಿಯದು ಎಂದು ಹೇಳಿದರು. ಅವರ ಆಟದಲ್ಲಿ ಕೆಂಪೆಂದರೆ ನಿಷ್ಠೆ, ಬಿಳಿಯೆಂದರೆ ಕಪಟ. ಆ ಸೇನಾಪತಿಯನ್ನು ಜನ ದೇವರೆಂದು ಪೂಜಿಸುತ್ತಾರಂತೆ. ನಮ್ಮಲ್ಲಿ ಅದೇ ಕೆಂಪು ಬಳಿದುಕೊಂಡವನು ಕುಣಿಯುತ್ತ ಬಂದರೆ ಮಕ್ಕಳು ತಾಯಿಯ ಸೆರಗು ಹಿಡಿಯುತ್ತವೆ. ಬಸ್ಸಿನಲ್ಲಿ ಹಿಂತಿರುಗುವಾಗ ಹಲ್ಲಿನ ನೋವು ಮರೆತುಹೋಗಿತ್ತು.

ಆ ವಾರವೇ ಬಾಗೇವಾಡಿಯಿಂದ ಕಾಗದ ಬಂದಿತ್ತು. ಅಲ್ಲಿಯ ಒಂದು ಶಾಲೆಯಲ್ಲಿ ದೀಪಾವಳಿಯ ನಂತರ ಸುತ್ತಲಿನ ತಾಲೂಕುಗಳ ಚಿತ್ರಕಾರರ ಪ್ರದರ್ಶನ. ಆಯ್ಕೆಯಾದ ಕೃತಿ ಬೆಂಗಳೂರಿಗೆ ಹೋಗುತ್ತದೆ. ಮುಂಬಯಿಯ ಕಲಾಶಾಲೆ ಬಿಟ್ಟು ಬಂದ ಮೇಲೆ ನನ್ನ ಕೆಲಸವನ್ನು ತಿಳಿದವರೊಬ್ಬರೂ ನೋಡಿರಲಿಲ್ಲ. ವರ್ಷವಿಡೀ ಹುಡುಗಿಯರಿಗೆ ಹೂಜಿ, ಬಾಳೆಹಣ್ಣು ಬರೆಸುವುದಷ್ಟೇ. ಹೊರದೇಶದ ಪತ್ರಿಕೆಗಳಲ್ಲಿ ಒಂದು ಹೊಸ ರೀತಿ ಕಂಡಿದ್ದೆ: ಚಿತ್ರವನ್ನು ಗೋಡೆಗೆ ತೂಗುಹಾಕದೆ, ಇಡೀ ಕೋಣೆಯನ್ನೇ ಕೃತಿಯಾಗಿ ಮಾಡಿ, ನೋಡುವವನನ್ನು ಅದರ ಒಳಗೆ ನಡೆದಾಡಿಸುವುದು. ಈಗ ಅದಕ್ಕೆ ಇನ್‌ಸ್ಟಲೇಶನ್ ಎನ್ನುತ್ತಾರೆ. ಆಗ ನಮ್ಮ ಕಡೆ ಅದಕ್ಕೆ ಹೆಸರೇ ಇರಲಿಲ್ಲ. ದೊಡ್ಡಾಟದವರ ಮುಖಗಳನ್ನು ಅಚ್ಚು ತೆಗೆದು, ಚೀನೀ ಆಟದ ಬಣ್ಣ ಮತ್ತು ನಮ್ಮ ಬಣ್ಣ ಎರಡನ್ನೂ ಅವುಗಳ ಮೇಲೆ ಕೂಡಿಸಿ, ಒಂದು ಖೋಲಿಯ ತುಂಬ ನಿಲ್ಲಿಸಬೇಕು ಎಂದು ಲೆಕ್ಕ ಹಾಕಿದೆ. ಐದು ಮುಖ, ಮೂರು ತಿಂಗಳು. ಕಾಗದದ ಮೇಲೆ ಎಲ್ಲ ಸಲೀಸಾಗಿತ್ತು.

ಅಚ್ಚು ತೆಗೆಯುವುದು ಡಾಕ್ಟರಿಗೆ ದಿನದ ಕೆಲಸ. ಹಲ್ಲಿನ ಸೆಟ್ಟು ಮಾಡುವ ಬಿಳಿ ಪ್ಲಾಸ್ಟರ್ ಅವರ ಬಳಿ ಡಬ್ಬಿಗಟ್ಟಲೆ ಇತ್ತು. ಸಂತೆಗೊಮ್ಮೆ ಹೋಗಿ ಕಲಿತೆ. ನೀರಿಗೆ ಪ್ಲಾಸ್ಟರ್ ಉದುರಿಸಬೇಕು, ಪ್ಲಾಸ್ಟರಿಗೆ ನೀರು ಸುರಿಯಬಾರದು. ಕೈಯಾಡಿಸುವಾಗ ಗಾಳಿಗುಳ್ಳೆ ಏಳಬಾರದು. ಚಿಟಿಕೆ ಉಪ್ಪು ಹಾಕಿದರೆ ಬೇಗ ಗಟ್ಟಿಯಾಗುತ್ತದೆ. ಹೆಚ್ಚಾದರೆ ಕೈಯಲ್ಲೇ ಕಲ್ಲಾಗುತ್ತದೆ. ಮೊದಲು ನನ್ನ ಕೈಯ ಅಚ್ಚು ತೆಗೆದೆ. ಆಮೇಲೆ ಅವರೇ ತಮ್ಮ ಕುರ್ಚಿಯಲ್ಲಿ ಒರಗಿ, "ನಂದ ಮಾರಿ ತಗೋರಿ, ಗಡ್ಡ ಇಲ್ಲ ಮೀಶಿ ಇಲ್ಲ, ಕಲಿಯಾಕ ಚಲೋ," ಎಂದರು. ಮುಖಕ್ಕೆ ಔಡಲೆಣ್ಣೆ ಸವರಿ, ಉಸಿರಾಡಲು ಮೂಗಿಗೆ ಔಡಲೆಲೆಯ ಟೊಳ್ಳು ತೊಟ್ಟಿನ ತುಂಡುಗಳನ್ನಿಟ್ಟು, ಬ್ಯಾಂಡೇಜು ಬಟ್ಟೆಯ ಪಟ್ಟಿಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಹಚ್ಚಿದೆ. ಕಾಲು ಗಂಟೆಗೆ ಅಚ್ಚು ಬೆಚ್ಚಗಾಗಿ, ತಾನಾಗಿ ಸಡಿಲಾಗಿ ಕೈಗೆ ಬಂತು. ಒಂದು ಗುಳ್ಳೆಯಿಲ್ಲ. ನನಗೆ ಕೆಲಸ ಬಂದುಬಿಟ್ಟಿತೆಂಬ ಧಿಮಾಕು ಅಂದೇ ತಲೆಗೇರಿತು.

ಇಂಗಳೇಶ್ವರದ ಆಟದ ಮಾಸ್ತರರು ಸುತ್ತ ಹತ್ತು ಹಳ್ಳಿಗೆ ದೊಡ್ಡಾಟ ಕಲಿಸುವವರು. ತಾವೇ ರಾಕ್ಷಸನ ಪಾತ್ರ ಹಾಕುತ್ತಿದ್ದರು. ಗಲ್ಲದ ಅಂಚಿನವರೆಗೆ ತಿರುವಿ ಬಿಟ್ಟ ಅವರ ಮೀಸೆ ಸ್ವಂತದ್ದು. ಕಟ್ಟಿದ ಮೀಸೆಯ ರಾಕ್ಷಸರನ್ನು ಅವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಎರಡು ಭಾನುವಾರ ಅವರ ಕಟ್ಟೆಯ ಮೇಲೆ ಕೂತು ಒಪ್ಪಿಸಿದ್ದೆ. ಅವರ ಮೇಳದ ಇನ್ನೂ ನಾಲ್ವರು, ಮಾಸ್ತರರದು ಮೊದಲು ಆಗಲಿ, ಆಮೇಲೆ ನಮ್ಮದು ಎಂದಿದ್ದರು. ಮೂರನೆಯ ಭಾನುವಾರ ಪ್ಲಾಸ್ಟರ್ ಹೊತ್ತುಕೊಂಡು ಹೋದೆ. ಅಂಗಳದಲ್ಲಿ ಚಾಪೆ ಹಾಸಿ ಮಲಗಿಸಿದೆ. ಎಣ್ಣೆ ಹಚ್ಚಿದೆ. ಡಾಕ್ಟರು ಹೇಳಿಕೊಟ್ಟಿದ್ದ ಒಂದು ಮಾತು, ಕೂದಲಿದ್ದಲ್ಲಿ ಎಣ್ಣೆ ಸಾಲದು, ಒದ್ದೆ ತೆಳುಕಾಗದ ಅಂಟಿಸಬೇಕು ಎನ್ನುವುದು, ನನಗೆ ಆಗ ನೆನಪೇ ಬರಲಿಲ್ಲ.

ಕಾಲು ಗಂಟೆಗೆ ಹಣೆ ಸಡಿಲಾಯಿತು, ಕೆನ್ನೆ ಸಡಿಲಾಯಿತು, ಮೇಲ್ದುಟಿ ಮಾತ್ರ ಬಿಡಲಿಲ್ಲ. ಒಳಗಿನಿಂದ ಮಾಸ್ತರರು ಹೂಂಕರಿಸತೊಡಗಿದರು. ಬಿಸಿನೀರು ಬಿಟ್ಟೆ. ಚಾಕುವಿನ ತುದಿಯಿಂದ ಕೆರೆದೆ. ಅವರ ಹೆಂಡತಿ ಒಳಗಿನಿಂದ ಕತ್ತರಿ ತಂದು ನನ್ನ ಕೈಗೆ ಕೊಟ್ಟು, ಬೇರೆ ಕಡೆ ಮುಖ ಮಾಡಿ ನಿಂತರು. ಅಚ್ಚಿನ ಅಂಚಿನಲ್ಲಿ ಕತ್ತರಿ ತೂರಿಸಿ ಕುರುಡಾಗಿ ಕತ್ತರಿಸಿದೆ. ಅಚ್ಚು ಬಂತು. ಎಡಗಡೆಯ ಮೀಸೆ ಪೂರ್ತಿ, ಬಲಗಡೆಯದು ಅರ್ಧ, ಅದರೊಳಗೇ ಉಳಿದಿತ್ತು.

ಮಾಸ್ತರರು ಎದ್ದು ಕೂತರು. ತುಟಿ ಮುಟ್ಟಿ ನೋಡಿಕೊಂಡರು. ಕನ್ನಡಿ ತರಿಸಿದರು. ಸುತ್ತ ನಿಂತ ನಾಲ್ವರಲ್ಲಿ ಒಬ್ಬನೂ ನಗಲಿಲ್ಲ.

"ಹೋಗ್ರಿ ಅಕ್ಕೋರ," ಎಂದರು. "ಬಸ್ಸಿನ ಹೊತ್ತಾತು."

ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಳಿದ ನಾಲ್ವರು ಅಂದಿನಿಂದ ನನ್ನನ್ನು ಕಂಡರೆ ಬೇರೆ ದಾರಿ ಹಿಡಿದರು.

ಮುಂದಿನ ವಾರ ಕ್ಷಮೆ ಕೇಳಲು ಹೋದೆ. ಮಾಸ್ತರರು ಮೂಗಿನ ಕೆಳಗೆ ಟವೆಲ್ಲು ಹಿಡಿದುಕೊಂಡೇ ಮಾತಾಡಿದರು. ಅಚ್ಚಿನಲ್ಲಿ ಎರಕ ಹೊಯ್ದು ತೆಗೆದ ಅವರ ಬಿಳಿ ಮುಖವನ್ನು ಬಟ್ಟೆ ಬಿಚ್ಚಿ ತೋರಿಸಿದೆ. ಸಂತೋಷಪಡುತ್ತಾರೆಂದು ಭಾವಿಸಿದ್ದು ನನ್ನ ಇನ್ನೊಂದು ದಡ್ಡತನ.

"ಮೀಶಿ ಬರತೈತಿ, ಅದರ ಮಾತ ಬ್ಯಾಡ," ಎಂದರು. "ಇದನ್ನ ನೋಡ್ರಿ. ಕಣ್ಣ ಮುಚ್ಚೈತಿ, ಬಾಯಿ ಮುಚ್ಚೈತಿ. ಹೆಣದ ಮಾರಿ ಇದು. ನಾ ಇನ್ನಾ ಅದೇನಿ, ನನ್ನ ಹೆಣಾ ಮಾಡಿ ಗ್ವಾಡಿಗೆ ಹಾಕ್ತೀರೇನು?"

ಅವರು ಹೇಳಿದ್ದು ಸರಿಯಾಗಿತ್ತು. ಹಾಗಿದ್ದೂ ಕೆಲಸ ಬಿಡಲಿಲ್ಲ. ಬಣ್ಣ ಬಿದ್ದರೆ ಜೀವ ಬರುತ್ತದೆಂದು ನನಗೆ ನಾನೇ ಹೇಳಿಕೊಂಡೆ.

ನನ್ನ ಬಳಿ ಈಗ ಎರಡೇ ಮುಖ, ಡಾಕ್ಟರದು ಮತ್ತು ಮಾಸ್ತರರದು. ಸಿಂದಗಿಯ ಮನೆಯ ಹಿತ್ತಿಲ ಪಡಸಾಲೆಯಲ್ಲಿ ಆ ಎರಡು ಎರಕಗಳನ್ನಿಟ್ಟುಕೊಂಡು ಆರು ವಾರ ಒದ್ದಾಡಿದೆ. ದೊಡ್ಡಾಟದವರು ಬಳಸುವ ಹಳದಿ ಅರದಾಳ, ಕೆಂಪು ಇಂಗಳಿಕ, ಕಾಡಿಗೆ ಎಲ್ಲ ತಂದೆ. ಮುಖದ ಬಲ ಅರ್ಧಕ್ಕೆ ಚೀನೀ ಸೇನಾಪತಿ, ಎಡ ಅರ್ಧಕ್ಕೆ ನಮ್ಮ ರಾಕ್ಷಸ. ಜಾತ್ರೆಯ ಬೊಂಬೆಯಾಯಿತು. ತೊಳೆದೆ. ಹಣೆಗೆ ಅವರದು, ಗಲ್ಲಕ್ಕೆ ನಮ್ಮದು. ಇನ್ನೂ ಕೆಟ್ಟಿತು. ಪ್ಲಾಸ್ಟರು ಬಣ್ಣ ಹೀರಿ, ಒಣಗಿದ ಮೇಲೆ ಕೆಂಪು ಇಟ್ಟಿಗೆಯ ಪುಡಿಯಂತೆ ಮಂಕಾಗುತ್ತಿತ್ತು. ಸರಸಿನ ಅಂಟು ಬಳಿದು ಮತ್ತೆ ಹಚ್ಚಿದರೆ ಸಿಪ್ಪೆಯೇಳುತ್ತಿತ್ತು. ಶಾಲೆಯಿಂದ ಬಂದು ಹೊತ್ತು ಮುಳುಗುವವರೆಗೆ ಕೆರೆಯುವುದು, ಬಳಿಯುವುದು. ಆ ಮುಖಗಳನ್ನು ನೋಡುವುದಕ್ಕೇ ಬೇಸರವಾಗತೊಡಗಿತ್ತು.

ಮೂರನೆಯ ಸಲ ಬರೆದದ್ದನ್ನು ಇಂಡಿಗೆ ಒಯ್ದು ಡಾಕ್ಟರಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇವ ಯಾರು?"

"ನಿಮ್ಮ ಸೇನಾಪತಿ, ನಮ್ಮ ರಾಕ್ಷಸ. ಇಬ್ಬರೂ ಕೂಡಿ."

"ಇಬ್ಬರೂ ಇಲ್ಲ ಇದರಾಗ," ಎಂದರು ಮೆಲ್ಲಗೆ. "ಬಾಯಾರ, ನಮ್ಮ ಉಸ್ತಾದ ಮೊದಲನೇ ಹುಬ್ಬು ಬರೀಲಿಕ್ಕೆ ನನಗ ಎರಡು ವರ್ಷ ಬಿಡಲಿಲ್ಲ. ನೀವು ಎರಡು ತಿಂಗಳಾಗ ಎರಡು ದೇಶ ಬರ್ಯಾಕತ್ತೀರಿ."

ಸಿಟ್ಟು ಬಂತು. ಅವರ ಮೇಲಲ್ಲ. ಆದರೂ ಕಕ್ಕಿದ್ದು ಅವರ ಮೇಲೆಯೇ. ಎರಡು ಎರಕಗಳನ್ನೂ ಬಟ್ಟೆಯಲ್ಲಿ ಸುತ್ತಿ, ಚಹಾ ಕುಡಿಯದೆ ಎದ್ದುಬಂದೆ. ಬಾಗಿಲಲ್ಲಿ ಅವರು ಕೂಗಿ ಹೇಳಿದರು, "ಅಚ್ಚು ಇಟ್ಟೀರಿ ಇಲ್ಲೋ? ಒಡೀಬ್ಯಾಡ್ರಿ. ಎರಕ ಹೋದ್ರ ಮತ್ತ ಹೊಯ್ಯಬಹುದು." ಅಚ್ಚುಗಳು ಹಿತ್ತಿಲಿನ ಮೂಲೆಯಲ್ಲಿ ಸೌದೆಯ ಜೊತೆ ಬಿದ್ದಿದ್ದವು.

ಪ್ರದರ್ಶನಕ್ಕೆ ಹನ್ನೆರಡು ದಿನ ಇರುವಾಗ ಸಂಚಾಲಕರು ಕೆಲಸ ತೋರಿಸಲು ಕರೆಸಿದರು. ಅವರೊಬ್ಬ ನಿವೃತ್ತ ಹೆಡ್‌ಮಾಸ್ತರರು, ಕಡ್ಡಿ ಮುರಿದಂತೆ ಮಾತಾಡುವವರು. ಎರಕಗಳನ್ನು ಹತ್ತಿಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟು ಬಸ್ಸಿನೊಳಗೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆಂದರೆ ಕಂಡಕ್ಟರು ಒಪ್ಪಲಿಲ್ಲ. ಬುಟ್ಟಿ ಟಾಪಿಗೆ ಹೋಯಿತು. ನಡುದಾರಿಯಲ್ಲಿ ಯಾರೋ ಮೇಲೆ ಜೋಳದ ಚೀಲಗಳನ್ನು ಎತ್ತಿ ಹಾಕಿದ ಸದ್ದು ಕೇಳಿಸಿತು. ಬಾಗೇವಾಡಿಯಲ್ಲಿ ಬುಟ್ಟಿ ಬಿಚ್ಚಿದಾಗ ಒಂದು ಹುಬ್ಬು, ಒಂದು ಮೂಗು, ಉಳಿದದ್ದೆಲ್ಲ ಚೂರು.

ಆ ಚೂರುಗಳನ್ನೇ ಸಂಚಾಲಕರ ಟೇಬಲ್ಲಿನ ಮೇಲೆ ಜೋಡಿಸಿ, ನಕ್ಷೆ ತೋರಿಸಿ, ವಿವರಿಸಿದೆ.

"ಇದು ಚಿತ್ರೋ, ಮೂರ್ತೀನೋ?" ಎಂದರು. "ಫಾರ್ಮಿನಾಗ ಎರಡ ಕಾಲಂ ಅದಾವ. ಚಿತ್ರ ಅಂದ್ರ ಎರಡ ಫೂಟ, ಮೂರ ಫೂಟ, ಫ್ರೇಮ್ ಇರಬೇಕು."

"ಎರಡೂ ಅಲ್ರಿ. ನನಗೊಂದು ಖೋಲಿ ಬೇಕು."

"ಮತ್ತ ಇಲ್ಲಿ ಚೀನಾ ಅಂತ ಬರದೀರಿ. ಜನ ಅರವತ್ತೆರಡರ ಲಡಾಯಿ ಇನ್ನಾ ಮರ್ತಿಲ್ಲ. ಅದನ್ನ ತಗೀರಿ. ಖೋಲಿ ಆಟದ ಸಾಮಾನಿಂದು ಒಂದೈತಿ, ಖಾಲಿ ಮಾಡಸ್ತೇನಿ. ಆದ್ರ ಚೀನಾ ಅನ್ನೂದು ಬ್ಯಾಡ."

ನಾನು ವಾದ ಮಾಡಿದೆ. ಅರ್ಧ ಗಂಟೆ ಮಾಡಿದೆ. ಕೊನೆಗೆ ಅವರು ಪೆನ್ನು ತೆಗೆದು ತಾವೇ ಆ ಪದದ ಮೇಲೆ ಗೆರೆ ಎಳೆದರು.

ಮನೆಗೆ ಬಂದು ಮಾರನೆಯ ದಿನ ರಜೆ ಹಾಕಿದೆ. ಹೊಸದಾಗಿ ಎರಕ ಹೊಯ್ಯುವುದೊಂದೇ ದಾರಿ. ಸೌದೆಯ ಮೂಲೆಯಿಂದ ಎರಡೂ ಅಚ್ಚುಗಳನ್ನು ಎತ್ತಿ ತೊಳೆದು, ಒಳಮೈ ಒಣಗಲೆಂದು ಹಿತ್ತಿಲ ಗೋಡೆಗೆ ಆನಿಸಿ ನಿಲ್ಲಿಸಿದೆ. ಕೆಳಗೆ ಅಮ್ಮ ಶಾವಿಗೆ ಒಣಗಿಸಲು ಬಿಳಿ ಧೋತರ ಹಾಸಿದ್ದಳು. ಚಹಾ ತರಲು ಒಳಗೆ ಹೋಗಿ ಬಾಗಿಲಿಗೆ ಬಂದೆ. ಮಾಸ್ತರರು ಗೋಡೆಯಿಂದ ಮುಖ ಹೊರಗೆ ಚಾಚಿ ನನ್ನತ್ತ ತಿರುಗಿದ್ದರು.

ಎಡಕ್ಕೆ ಎರಡು ಹೆಜ್ಜೆ ಇಟ್ಟೆ. ಮುಖ ಎಡಕ್ಕೆ ಹೊರಳಿತು. ಬಲಕ್ಕೆ ನಡೆದೆ. ಮುಖವೂ ಬಂತು. ಹತ್ತಿರ ಹೋದರೆ ಬರೀ ಗುಣಿ. ಮೂಗಿದ್ದಲ್ಲಿ ತಗ್ಗು. ಆರು ಹೆಜ್ಜೆ ಹಿಂದೆ ಸರಿದರೆ ಮತ್ತೆ ಉಬ್ಬಿ ಮುಖವಾಗುತ್ತಿತ್ತು. ಚಹಾ ಆರಿಹೋಗುವವರೆಗೆ ಹಿತ್ತಿಲಲ್ಲಿ ಅತ್ತಿಂದಿತ್ತ ನಡೆದೆ. ಧೋತರ ತೆಗೆದು ನೋಡಿದೆ; ಮುಖದ ಅರ್ಧ ಜೀವ ಹೋಯಿತು. ಮತ್ತೆ ಹಾಸಿದೆ, ಬಂತು. ಬೆಳಕು ಕೆಳಗಿನಿಂದ ಮೇಲಕ್ಕೆ ಬಿದ್ದರೆ ತಗ್ಗು ಉಬ್ಬಾಗಿ ಕಾಣುತ್ತದೆ. ನೋಡುವವನು ನಡೆದರೆ ಅದೂ ಅವನ ಜೊತೆ ತಿರುಗುತ್ತದೆ. ಮುಂಬಯಿಯಲ್ಲಿ ನಾಲ್ಕು ವರ್ಷ ಕಲಿತಾಗ ಇದನ್ನು ಯಾರೂ ಹೇಳಿರಲಿಲ್ಲ.

ಅಂದೇ ಎರಡು ನಿರ್ಧಾರ ಮಾಡಿದೆ. ಎರಕ ಹೊಯ್ಯುವುದಿಲ್ಲ; ಅಚ್ಚುಗಳೇ ಕೃತಿ. ಇನ್ನೊಂದು, ಬಣ್ಣಕ್ಕೆ ನಾನು ಕೈ ಹಾಕುವುದಿಲ್ಲ. ಯಾರ ಮುಖವೋ ಅವರೇ ಬರೆಯಬೇಕು. ಎರಡು ಕೆಂಪುಗಳನ್ನು ಒಂದು ಮುಖದಲ್ಲಿ ಕಲಸಲು ಹೋಗಿ ಎರಡನ್ನೂ ಕೊಂದಿದ್ದೆ. ಅವು ಎದುರುಬದುರು ಇರಲಿ, ನೋಡುವವನು ನಡುವೆ ನಿಲ್ಲಲಿ. ಈ ಎರಡನೆಯ ನಿರ್ಧಾರ ನನಗೆ ಸುಲಭವಾಗಿರಲಿಲ್ಲ. ಚಿತ್ರಕಾರ್ತಿಯಾದ ನನ್ನ ಕೈಯ ಒಂದು ಗೆರೆಯೂ ಅದರಲ್ಲಿ ಇರುವುದಿಲ್ಲ.

ಮುಂದಿನ ಸಂತೆಗೆ ಅಚ್ಚು ಹಿಡಿದು ಇಂಡಿಗೆ ಹೋದಾಗ ಡಾಕ್ಟರು, ಹಿಂದಿನ ಸಲ ನಾನು ಬಿಟ್ಟೆದ್ದ ಚಹಾವನ್ನು ಮೊದಲು ಕುಡಿಸಿದರು. ರೋಗಿಗಳು ಮುಗಿದ ಮೇಲೆ ಅಚ್ಚನ್ನು ಕುರ್ಚಿಯ ತಲೆದಿಂಬಿನ ಮೇಲೆ ಇಟ್ಟು ಬರೆಯಲು ಕೂತರು. ತಗ್ಗಿನೊಳಗೆ ಬರೆಯುವುದು ಬಲು ಕಷ್ಟ. ಮೂಗಿನ ತುದಿ ಬಾವಿಯ ತಳದಂತೆ ಆಳದಲ್ಲಿ. ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಎಡಗೈಯಲ್ಲಿ ಹಿಡಿದು, ಉದ್ದ ಕಡ್ಡಿಗೆ ಕಟ್ಟಿದ ಕುಂಚದಿಂದ, ಹಿಂಭಾಗದ ದವಡೆ ಹಲ್ಲನ್ನು ತುಂಬುವಷ್ಟೇ ಜೋಪಾನವಾಗಿ ಬರೆದರು. ಮೊದಲು ಸೇನಾಪತಿಯ ಹುಬ್ಬು. ಆಮೇಲೆ ಮುಚ್ಚಿದ ರೆಪ್ಪೆಗಳ ಮೇಲೆ ತೆರೆದ ಕಣ್ಣು. ಬರೆಯುವಾಗ ಗಂಟಲೊಳಗೆ ಏನನ್ನೋ ಹಾಡಿಕೊಳ್ಳುತ್ತಿದ್ದರು; ಒಂದು ಸ್ವರ ಮೇಲಕ್ಕೆ ಹೋಗಿ ಸಿಗದೆ ಒಡೆಯುತ್ತಿತ್ತು. ಆಗೆಲ್ಲ ನಿಲ್ಲಿಸಿ, ಕುಂಚ ತೊಳೆದು, ಮುಂದುವರಿಸುತ್ತಿದ್ದರು.

"ನೋಡಾಕ ಬರ್ಬೇಕು ನೀವು," ಎಂದೆ.

ಸೋಲಾಪುರ ಬಿಟ್ಟು ಒಂದು ದಿನಕ್ಕಿಂತ ಹೆಚ್ಚು ಹೊರಗಿರಬೇಕಾದರೆ ಅವರಿಗೆ ಪೊಲೀಸರ ಪರವಾನಗಿ ಬೇಕಿತ್ತು. ಲಡಾಯಿಯ ಕಾಲದಿಂದ ಹಾಗೆ. ಬಾಗೇವಾಡಿಗೆ ಬಂದು ಅದೇ ದಿನ ತಿರುಗಿ ಹೋಗಲು ರೈಲು, ಬಸ್ಸು ಕೂಡಿಬರುತ್ತಿರಲಿಲ್ಲ. "ಅರ್ಜಿ ಹಾಕ್ತೇನಿ," ಎಂದರು. "ಮತ್ತ ಒಂದ ಮಾತು. ನನ್ನ ಹೆಸರು ಬರೀಬ್ಯಾಡ್ರಿ. ದೇಶದ ಹೆಸರೂ ಬ್ಯಾಡ. ನಿಮಗ ಶೌರ್ಯ ಅನ್ನಸ್ತದ. ಆಮ್ಯಾಲ ಠಾಣೇಕ ಹೋಗಿ ಕೂಡಾಂವ ನಾನು."

ಆ ಪದಕ್ಕಾಗಿ ಸಂಚಾಲಕರೊಡನೆ ಅರ್ಧ ಗಂಟೆ ವಾದ ಮಾಡಿದ್ದೆ. ಇವರು ಅದನ್ನೇ ಕೇಳಿದಾಗ ಹೂಂ ಎನ್ನದೆ ದಾರಿಯಿರಲಿಲ್ಲ.

ಇಂಗಳೇಶ್ವರದಲ್ಲಿ ಮಾಸ್ತರರು ಅಚ್ಚನ್ನು ಕೈಯಿಂದಲೂ ಮುಟ್ಟಲಿಲ್ಲ. ನಾನು ಅಂಗಳದ ಗೋಡೆಗೆ ಅಚ್ಚು ಆನಿಸಿ, ಕೆಳಗೆ ಬಿಳಿ ಬಟ್ಟೆ ಹಾಸಿ, ಸುಮ್ಮನೆ ಕೂತೆ. ನೀರು ತುಂಬಿಕೊಂಡು ಬಂದ ಅವರ ಹೆಂಡತಿ ಕೊಡದ ಸಮೇತ ಅಲ್ಲೇ ನಿಂತರು.

"ಅಯ್ಯ ಶಿವನ! ಇಲ್ಲಿ ಬರ್ರಿ. ನಿಮ್ಮ ಮಾರಿ ನನ್ನ ಹಿಂದ ಹಿಂದ ಹೊರಳಾಕತ್ತೈತಿ."

ಮಾಸ್ತರರು ಕಟ್ಟೆಯಿಂದ ಇಳಿದರು. ಒಂದು ಸಲ ನಡೆದರು. ತಿರುಗಿ ಬಂದರು. ಆಮೇಲೆ ನನ್ನ ಕಡೆ ನೋಡದೆ ಆಟದ ಹೆಜ್ಜೆ ಹಾಕುತ್ತ ಒಂದು ಸುತ್ತು ಬಂದರು. ಮುಖ ಅವರನ್ನು ಬಿಡಲಿಲ್ಲ. "ಬಣ್ಣ ತಂದೀರೇನು?" ಎಂದರು. ಎಷ್ಟು ಕಿತ್ತರೂ ಬಾರದ ಮೀಸೆಯ ಕೂದಲು ಅಚ್ಚಿನೊಳಗೆ ಇನ್ನೂ ಅಂಟಿಕೊಂಡಿದ್ದವು. ಅವನ್ನು ಬೆರಳಿಂದ ಸವರಿ, "ಇದಕ್ಕ ಕಾಡಿಗಿ ಬ್ಯಾಡ, ಇದು ಖರೇದು," ಎಂದರು. ಕುಂಚ ಮುಟ್ಟದೆ, ಉಂಗುರ ಬೆರಳಿನಿಂದಲೇ, ತಮ್ಮ ಮುಖಕ್ಕೆ ಹಚ್ಚಿಕೊಳ್ಳುವ ಹಾಗೇ, ಇಂಗಳಿಕದ ಕೆಂಪು ತುಂಬಿದರು.

ಪ್ರದರ್ಶನದ ಹಿಂದಿನ ದಿನ ಖೋಲಿ ಸಿಕ್ಕಿತು. ಖೋಖೋ ಕಂಬ, ಹರಿದ ವಾಲಿಬಾಲು ಬಲೆ ಎಲ್ಲ ಹೊರಹಾಕಿದೆ. ಎದುರುಬದುರಿನ ಗೋಡೆಗಳಲ್ಲಿ ಕಣ್ಣಿನ ಎತ್ತರಕ್ಕೆ ಎರಡೂ ಅಚ್ಚುಗಳು, ಸುತ್ತ ಕಪ್ಪು ಬಟ್ಟೆ. ಕಿಟಕಿಗಳಿಗೆ ಗೋಣಿ. ಪೂರ್ವಕ್ಕಿದ್ದ ಬಾಗಿಲಿನ ಹೊಸ್ತಿಲಿಂದ ಒಳಗೆ ಬಿಳಿ ಧೋತರ. ಬಿಸಿಲು ಅದರ ಮೇಲೆ ಬಿದ್ದು ಪುಟಿದು ಮುಖಗಳಿಗೆ ಏರಬೇಕು. ಅಳೆದು ನೋಡಿದೆ. ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆಯ ತನಕ ಬೆಳಕು ಸರಿ. ಆಮೇಲೆ ಬಿಸಿಲು ಹೊಸ್ತಿಲು ದಾಟಿ ಹೊರಗೆ ಸರಿಯುತ್ತದೆ. ತೀರ್ಪುಗಾರರನ್ನು ಬೆಳಿಗ್ಗೆಯೇ ಕಳಿಸಿರೆಂದು ಸಂಚಾಲಕರಿಗೆ ಎರಡು ಸಲ ಹೇಳಿ, ಚೀಟಿಯಲ್ಲೂ ಬರೆದುಕೊಟ್ಟೆ. ಗೋಡೆಯ ಕಾರ್ಡಿನಲ್ಲಿ ಹಾಕಿದ್ದು ಇಷ್ಟೇ: 'ಇಬ್ಬರು ಆಟಗಾರರು, ತಮ್ಮ ಮುಖ ತಾವೇ ಬರೆದದ್ದು.'

ಬೆಳಿಗ್ಗೆ ಜನ ಬಂದರು. ಎತ್ತಿನ ಸಂತೆಗೆ ಬಂದವರು, ಮನಗೂಳಿಯ ವ್ಯಾಪಾರಿಗಳು, ಇಂಗಳೇಶ್ವರದ ಮಾಸ್ತರರು, ಹೆಂಗಸರು, ಮಕ್ಕಳು, ಬಂದೋಬಸ್ತಿಗೆ ನಿಂತ ಒಬ್ಬ ಪೊಲೀಸಪ್ಪ. ಖೋಲಿಯಿಂದ ಕೂಗು, ನಗು, ಓಡುವ ಸಪ್ಪಳ. ಡಾಕ್ಟರು ಬರಲಿಲ್ಲ, ಅರ್ಜಿಗೆ ಜವಾಬು ಬಂದಿರಲಿಲ್ಲವೆಂದು ಆಮೇಲೆ ತಿಳಿಯಿತು. ತೀರ್ಪುಗಾರರೂ ಬರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ಸಂಚಾಲಕರ ಮನೆಯಲ್ಲಿ ಅವರಿಗೆ ಹೋಳಿಗೆ ಊಟವಂತೆ. ಬಿಸಿಲು ಧೋತರದ ಅಂಚಿಗೆ ಸರಿಯುವುದನ್ನು ನೋಡುತ್ತ ನಿಂತೆ. ಎಳೆದು ಎಳೆದು ಧೋತರವನ್ನು ಹೊಸ್ತಿಲಾಚೆ ಅಂಗಳಕ್ಕೇ ತಂದೆ.

ಅವರು ಬಂದಾಗ ಮೂರೂವರೆ. ದೂರದ ಊರಿನ ಇಬ್ಬರು ದೊಡ್ಡ ಚಿತ್ರಕಾರರು. ಖೋಲಿ ನೆರಳಲ್ಲಿತ್ತು. ಒಬ್ಬರು ಅಚ್ಚಿನ ಹತ್ತಿರ ಹೋಗಿ ತಗ್ಗಿನೊಳಗೆ ಇಣುಕಿದರು.

"ಎರಕ ಎಲ್ಲಿ? ಇವು ಬರೀ ಅಚ್ಚು."

"ಅಚ್ಚೇ ಕೃತಿರಿ. ಬೆಳಕ ಹೋಗೇತಿ. ನಾಳೆ ಬೆಳಿಗ್ಗೆ ಒಂದ ಹತ್ತ ನಿಮಿಷ ಬರ್ರಿ, ಕೈ ಮುಗೀತೇನಿ."

"ನಾಳೆ ಬೆಳಿಗ್ಗೆ ನಮ್ಮ ರೈಲು," ಎಂದರು ಇನ್ನೊಬ್ಬರು, ಒಳ್ಳೆಯ ಮಾತಿನಲ್ಲೇ. "ಪೂರ್ಣ ಮಾಡಿ ಮುಂದಿನ ವರ್ಷ ತನ್ನಿ."

ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಅಪೂರ್ಣ' ಎಂದು ಬರೆದಿತ್ತು. ಬೆಂಗಳೂರಿಗೆ ಹೋದದ್ದು ಕೃಷ್ಣಾ ದಂಡೆಯ ತಂಗಡಗಿಯ ಒಂದು ಜಲವರ್ಣ ಚಿತ್ರ. ಚೆನ್ನಾಗಿತ್ತು, ಇಲ್ಲವೆನ್ನುವುದಿಲ್ಲ. ಅಷ್ಟು ಹೊತ್ತಿಗೆ ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಉಳಿದಿರಲಿಲ್ಲ. ಬಲ್ಬಾದರೂ ಇಡಬಹುದಿತ್ತು ಎಂದು ಮಾತ್ರ ಅನಿಸಿತು. ಬಿಸಿಲೇ ಆಗಬೇಕೆಂದು ಹಟ ಹಿಡಿದವಳು ನಾನೇ.

ಮುಂದಿನ ಸಂತೆಗೆ ಇಂಡಿಗೆ ಹೋದೆ. ಡಾಕ್ಟರ ಖೋಲಿಯಲ್ಲಿ ಐದಾರು ಜನ ದವಡೆ ಹಿಡಿದುಕೊಂಡು ಕೂತಿದ್ದರು. ತೀರ್ಪುಗಾರರ ವಿಷಯ ಹೇಳಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಮುಂಜಾನೆ ಬಂದವ್ರು ಏನ ಮಾಡಿದ್ರು, ಅದ ಹೇಳ್ರಿ."

"ಒಬ್ಬ ಪೊಲೀಸಪ್ಪ ಬಂದಿದ್ದ…"

"ಹೇಳಬ್ಯಾಡ್ರಿ," ಎಂದು ತಡೆದರು. ಕುರ್ಚಿಯನ್ನು ಗೋಡೆಗೆ ಸರಿಸಿ ಖೋಲಿಯ ನಡುವೆ ಜಾಗ ಮಾಡಿದರು. ತಾವು ಸ್ಟೂಲಿನ ಮೇಲೆ ಕೂತರು. "ಮಾಡಿ ತೋರಸ್ರಿ. ಬಾಗಿಲಾ ಅಲ್ಲಿ ಅಂತ ತಿಳೀರಿ. ನಾನು ಈ ಗ್ವಾಡಿ ಮ್ಯಾಗ ಅದೇನಿ."

ನಾನು ಜೀವಮಾನದಲ್ಲಿ ವೇದಿಕೆ ಹತ್ತಿದವಳಲ್ಲ. ಆದರೂ ಲಾಠಿ ಹಿಡಿದವನಂತೆ ಒಳಗೆ ಬಂದೆ, ಕೆಂಪು ಮುಖ ಕಂಡು ನಿಂತೆ, ಹಿಂದೆ ತಿರುಗಿದೆ, ಅಲ್ಲಿಯೂ ಒಂದು ಕೆಂಪು ಮುಖ. ಎರಡರ ನಡುವೆ ಸಿಕ್ಕಿದ ಪೊಲೀಸಪ್ಪ ಟೋಪಿ ಸರಿಮಾಡಿಕೊಂಡು ಸೆಲ್ಯೂಟ್ ಹೊಡೆದು ಹೊರಗೆ ಓಡಿದ್ದನ್ನು ಮಾಡಿದೆ. ಡಾಕ್ಟರು ತೊಡೆ ತಟ್ಟಿದರು. ನನ್ನ ಸಂಕೋಚ ಹೋಯಿತು. ಕಂಕುಳಲ್ಲಿ ಕೂಸು ಎತ್ತಿಕೊಂಡು ಹಿಂದಕ್ಕೆ ಮುಂದಕ್ಕೆ ಓಡಿದ ಹೆಂಗಸಾದೆ. ಇಲ್ಲದ ಮೀಸೆ ತಿರುವುತ್ತ ತಮ್ಮ ಮುಖದ ಎದುರು ಹನ್ನೊಂದು ಸಲ ನಡೆದ ಮಾಸ್ತರರಾದೆ.

ಕೊನೆಗೆ ಒಬ್ಬ ಮುದುಕಿ. ಬೆನ್ನು ಬಗ್ಗಿಸಿ, ಕೋಲೂರುತ್ತ ಬಂದೆ. ರಾಕ್ಷಸನಿಗೆ ಬೆನ್ನು ತೋರಿಸಿ, ಡಾಕ್ಟರು ಕೂತಿದ್ದ ಕಡೆಗೆ ತಿರುಗಿದೆ. ಅವಳು ಹೇಗೆ ಬಹಳ ಹೊತ್ತು ದಿಟ್ಟಿಸಿ, ಕೋಲು ಕೆಳಗಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು ಎರಡೂ ಕೈ ಜೋಡಿಸಿದ್ದಳೋ ಹಾಗೆಯೇ ಜೋಡಿಸಿದೆ. ಆ ಸೇನಾಪತಿಗೆ ಪೂಜೆ ನಡೆಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಾರ್ಡು ಓದಲು ಬರುತ್ತಿರಲಿಲ್ಲ.

ಡಾಕ್ಟರು ಅಲ್ಲಾಡದೆ 'ಗೋಡೆಯ ಮೇಲೆ' ಇದ್ದರು. ನಾನು ಎಡಕ್ಕೆ ಸರಿದೆ; ಅವರ ಮುಖ ಮೆಲ್ಲಗೆ ಎಡಕ್ಕೆ ಹೊರಳಿತು. ಬಲಕ್ಕೆ ಸರಿದೆ, ಬಲಕ್ಕೆ ಬಂತು. ಹುಬ್ಬು ಮೇಲೇರಿತ್ತು, ಕಣ್ಣು ಅಗಲವಾಗಿ ತೆರೆದಿತ್ತು, ರೆಪ್ಪೆ ಮಿಟುಕಲಿಲ್ಲ.

ಬೆಂಚಿನ ಮೇಲಿದ್ದ, ಕೆನ್ನೆ ಊದಿದ ರೈತನೊಬ್ಬ ಎರಡೂ ಕೈಯಲ್ಲಿ ದವಡೆ ಒತ್ತಿಕೊಂಡು ಬಗ್ಗಿದ್ದ. "ನಗಸಬ್ಯಾಡ್ರಿ ಅಕ್ಕೋರ," ಎಂದು ನರಳಿದ, "ಜೀವ ಹೋಗತೈತಿ."